ಅಂಗೈ ಹುಣ್ಣಿಗೂ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ನಮ್ಮ ಹಿರಿಯರ ಗಾದೆ. ಊರಿನ ವ್ಯವಹಾರದಲ್ಲಿ ಈ ಮಾತು ಸಲ್ಲುವುದುಂಟು, ನ್ಯಾಯಾಲಯದಲ್ಲಿ ಸಲ್ಲದು. ಅಲ್ಲಿ ಅಂಗೈ ಹುಣ್ಣಿಗೂ ಕನ್ನಡಿ ಬೇಕು. ಆ ಕನ್ನಡಿಗೆ ಮೊಹರು ಬೇಕು. ಅದನ್ನು ಹಿಡಿದವನು ಪ್ರಮಾಣ ಮಾಡಬೇಕು. ಬೇರೆ ವ್ಯಾಜ್ಯಗಳಲ್ಲಿ ಇದು ಅಷ್ಟು ಕಷ್ಟವೆನಿಸದು. ಸಾಲ ಕೊಟ್ಟವನ ಬಳಿ ಪತ್ರವಿರುತ್ತದೆ; ಹೊಲ ಕೊಂಡವನ ಬಳಿ ಕ್ರಯಪತ್ರವಿರುತ್ತದೆ. ಗಂಡಹೆಂಡಿರ ವ್ಯಾಜ್ಯದ ಸ್ಥಿತಿಯೇ ಬೇರೆ. ಒಂದೇ ಸೂರಿನ ಕೆಳಗೆ ಬಾಳಿದವರು ಒಬ್ಬರಿಂದೊಬ್ಬರು ರಸೀದಿ ಪಡೆಯುವುದಿಲ್ಲ. ಹೆಂಡತಿಗೆ ಗಂಡನ ವರಮಾನ ಗೊತ್ತು, ಸಾಲ ಗೊತ್ತು, ಯಾವ ಕೀಲಿ ಯಾವ ಪೆಟ್ಟಿಗೆಯದೆಂಬುದೂ ಗೊತ್ತು. ಆದರೆ ಆಕೆ ತೌರುಮನೆಗೆ ಬಂದ ದಿನ ಕೈಯಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ.

ಈ ವಿಷಯವನ್ನು ಬರೆಯುವುದಕ್ಕೆ ನಾನು ವಕೀಲನಲ್ಲ. ದಾವಣಗೆರೆಯ ಒಂದು ದಲ್ಲಾಳಿ ಮಂಡಿಯಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದು, ಈಗ ಆವರಗೆರೆಯ ಮನೆಯಲ್ಲಿ ವಿಶ್ರಾಂತನಾಗಿರುವ ಗುಮಾಸ್ತ. ಆವರಗೆರೆ ಒಂದು ಕಾಲಕ್ಕೆ ಪೇಟೆಯ ಹೊರಗಿನ ಹಳ್ಳಿಯಾಗಿದ್ದಿತು. ಈಗ ಪೇಟೆಯೇ ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಕಿರ್ದಿ, ಖಾತೆ, ಪಟ್ಟಿ, ಶಿಲ್ಕು ಎಂಬ ಈ ನಾಲ್ಕು ಪದಗಳಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ವ್ಯಾಪಾರಿಯು ಗಳಿಸುವುದೆಷ್ಟು, ತೋರಿಸುವುದೆಷ್ಟು ಎಂಬುದು ಆತನ ಮನೆದೇವರಿಗೆ ತಿಳಿದಿರುವಷ್ಟೇ ಆತನ ಗುಮಾಸ್ತನಿಗೂ ತಿಳಿದಿರುತ್ತದೆ. ಈ ಅನುಭವವೊಂದನ್ನೇ ಬೆನ್ನಿಗಿಟ್ಟುಕೊಂಡು ಎರಡು ವರ್ಷಗಳ ಹಿಂದೆ ನನ್ನ ಸೋದರ ಸೊಸೆಯೊಡನೆ ಕುಟುಂಬ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. ಮನೆಯ ಮಾತನ್ನು ಪತ್ರಿಕೆಗೆ ತರುವುದು ಸೂಕ್ಷ್ಮವಾದ ಕೆಲಸ. ಆಕೆಯ ಅನುಮತಿಯನ್ನು ಪಡೆದು, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಸಂಗತಿ ಇಷ್ಟು. ಹುಡುಗಿಯನ್ನು ಹರಿಹರ ತಾಲ್ಲೂಕಿನ ಒಂದು ಗ್ರಾಮಕ್ಕೆ ಕೊಟ್ಟಿದ್ದೆವು. ಒಂಬತ್ತು ವರ್ಷದ ಸಂಸಾರ, ಒಬ್ಬಳು ಮಗಳು. ಏತಕ್ಕೆ ಮುರಿಯಿತೆಂಬುದು ಇಲ್ಲಿ ಅಪ್ರಸ್ತುತ. ತಾಯಿ ಮಗಳು ತೌರಿಗೆ ಬಂದು ಒಂದು ವರ್ಷ ಕಳೆದರೂ ಆ ಕಡೆಯಿಂದ ಒಂದು ಕಾಸೂ ಬಾರದಿದ್ದಾಗ, ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಶಾಸನದಂತೆ ದಾವೆ ಹೂಡಲಾಯಿತು. ಗಂಡನ ಕಡೆಯ ಉತ್ತರ ಬಂದಿತು: ತನಗಿರುವುದು ಐದು ಎಕರೆ ಜಮೀನು, ಅದು ಭದ್ರಾ ನಾಲೆಯ ಕೊನೆಯ ಭಾಗ, ನೀರು ತಲಪುವುದಿಲ್ಲ, ಖರ್ಚು ಕಳೆದರೆ ತಿಂಗಳಿಗೆ ಎಂಟು ಸಾವಿರ ರೂಪಾಯಿ ಉಳಿದರೆ ಹೆಚ್ಚು. ಮೆಕ್ಕೆಜೋಳದ ವ್ಯಾಪಾರದ ಮಾತು ಅದರಲ್ಲಿರಲಿಲ್ಲ. ಲಾರಿಯ ಮಾತೂ ಇರಲಿಲ್ಲ.

"ಎಲ್ಲವೂ ಸುಳ್ಳು ಮಾವ, ನನಗೆ ಗೊತ್ತು" ಎಂದಳು ಹುಡುಗಿ.

ವಕೀಲರು ಸೌಮ್ಯರು. "ನಿಮಗೆ ಗೊತ್ತಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ ತಾಯಿ. ನ್ಯಾಯಾಧೀಶರಿಗೆ ಗೊತ್ತಾಗಬೇಕಲ್ಲ?" ಎಂದರು.

ಈ ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕನ್ನಡ ನಾಡಿನಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ವ್ಯವಹಾರ ಪ್ರಕರಣದಲ್ಲಿ ಪ್ರಮಾಣಗಳ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಲಿಖಿತ, ಭುಕ್ತಿ, ಸಾಕ್ಷಿ ಎಂದು ಮಾನುಷ ಪ್ರಮಾಣಗಳು ಮೂರು: ಬರೆದ ಪತ್ರ, ಅನುಭೋಗ, ಕಂಡವರ ಮಾತು. ಈ ಮೂರೂ ಇಲ್ಲದೆಡೆ ದಿವ್ಯಕ್ಕೆ, ಎಂದರೆ ಬೆಂಕಿ ನೀರುಗಳ ಪರೀಕ್ಷೆಗೆ, ಹೋಗಬೇಕು. ಸಂಸಾರದ ನಾಲ್ಕು ಗೋಡೆಗಳ ನಡುವೆ ಈ ಮೂರಕ್ಕೂ ಅಭಾವ. ಪತ್ರವು ಗಂಡನ ಬೀರುವಿನಲ್ಲಿದೆ, ಅನುಭೋಗವೂ ಆತನದೇ, ಕಂಡವರು ಆತನ ಅಣ್ಣ ಅತ್ತಿಗೆಯರು. ದಿವ್ಯದ ಕಾಲ ಮುಗಿದುಹೋಗಿದೆಯೆಂದು ನಾವು ತಿಳಿದಿದ್ದೇವೆ. ಆದರೆ ಕೈಯಲ್ಲಿ ಕಾಗದವಿಲ್ಲದ ಹೆಂಗಸು ಸಾಕ್ಷಿಕಟ್ಟೆಯಲ್ಲಿ ನಿಂತು, ಎದುರು ವಕೀಲರ ಪಾಟೀಸವಾಲಿಗೆ ಉತ್ತರಿಸುವುದನ್ನು ಕಂಡವರಿಗೆ ಅದು ಪೂರ್ತಿ ಮುಗಿದಿಲ್ಲವೆಂದು ತೋರದಿರದು.

ನಮ್ಮ ಕಡೆ ಹಕ್ಕಿನ ಕೊರತೆಯಾಗಿದೆಯೆಂದು ಹೇಳಲಾಗದು. ದಾವಣಗೆರೆಯು ಚಿತ್ರದುರ್ಗ ಜಿಲ್ಲೆಗೆ ಸೇರಿ ಮೈಸೂರು ಸಂಸ್ಥಾನದಲ್ಲಿದ್ದ ಕಾಲಕ್ಕೇ, ೧೯೩೩ರಲ್ಲಿ, ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಪ್ರತ್ಯೇಕ ಶಾಸನವನ್ನು ಮಾಡಿ ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತ್ತು. ೧೯೮೪ರಲ್ಲಿ ಕೇಂದ್ರದ ಕುಟುಂಬ ನ್ಯಾಯಾಲಯಗಳ ಶಾಸನ ಬಂದಿತು. ಇದರ ೯ನೆಯ ಕಲಮು ಮೊದಲು ರಾಜಿಗೆ ಪ್ರಯತ್ನಿಸಬೇಕೆನ್ನುತ್ತದೆ. ೧೧ನೆಯದು ಕಕ್ಷಿಗಳಲ್ಲಿ ಒಬ್ಬರು ಕೋರಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕೆನ್ನುತ್ತದೆ. ೧೪ನೆಯದಂತೂ, ಸಾಕ್ಷ್ಯ ಶಾಸನದ ಕಟ್ಟುಪಾಡಿಗೆ ಒಳಪಡದ ವರದಿ, ಹೇಳಿಕೆ, ದಸ್ತಾವೇಜುಗಳನ್ನು ಸಹ, ವಿವಾದದ ಪರಿಹಾರಕ್ಕೆ ನೆರವಾಗುವುದೆಂದು ನ್ಯಾಯಾಲಯಕ್ಕೆ ತೋರಿದರೆ, ಸ್ವೀಕರಿಸಬಹುದೆನ್ನುತ್ತದೆ. ಬಾಗಿಲು ಇಷ್ಟು ಅಗಲವಾಗಿ ತೆರೆದಿದೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಬೀರುವಿನಲ್ಲಿರುವ ಕಾಗದ ತಾನಾಗಿ ನಡೆದು ಬರುವುದಿಲ್ಲವಷ್ಟೆ. ಅದನ್ನು ತರುವ ದಾರಿ ಯಾವುದು?

ಈ ದಾರಿಯನ್ನೇ ಕಾನೂನಿನವರು ಡಿಸ್ಕವರಿ ಎನ್ನುತ್ತಾರೆ. ಕನ್ನಡದಲ್ಲಿ ಎದುರಾಳಿಯ ಕೈಯಿಂದಲೇ ದಾಖಲೆಯನ್ನು ಹೊರಗಿಡಿಸುವುದು ಎನ್ನಬಹುದು. ಇದರ ಮೂಲ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯ. ಅಲ್ಲಿಯ ಸಾಮಾನ್ಯ ನ್ಯಾಯಾಲಯಗಳು ಕಕ್ಷಿಗಾರನ ಬಾಯಿಯನ್ನೇ ಬಿಡಿಸಲಾರದೆ ಇದ್ದಾಗ, ಚಾನ್ಸರಿಯು ಆತನ ಅಂತಃಕರಣವನ್ನು ಮುಟ್ಟುವೆನೆಂದು, ಪ್ರಮಾಣಪೂರ್ವಕವಾಗಿ ಉತ್ತರ ಕೊಡಿಸುವ ಪದ್ಧತಿಯನ್ನು ಬೆಳೆಸಿತು. ನಮ್ಮಲ್ಲಿ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೧೧ನೆಯ ಆದೇಶದಲ್ಲಿ ಅದು ನೆಲೆಗೊಂಡಿದೆ. ನ್ಯಾಯಾಲಯದ ಅನುಮತಿಯನ್ನು ಪಡೆದು ಎದುರು ಕಕ್ಷಿಗೆ ಲಿಖಿತ ಪ್ರಶ್ನಾವಳಿಯನ್ನು ಕೊಡಬಹುದು. ಆತನು ಹತ್ತು ದಿನಗಳಲ್ಲಿ, ಇಲ್ಲವೆ ನ್ಯಾಯಾಲಯ ಗೊತ್ತುಮಾಡಿದ ಅವಧಿಯಲ್ಲಿ, ಪ್ರಮಾಣಪತ್ರದ ಮೂಲಕ ಉತ್ತರಿಸಬೇಕು. ತನ್ನ ವಶದಲ್ಲಿರುವ ದಾಖಲೆಗಳು ಯಾವುವೆಂದು ಪ್ರಮಾಣ ಮಾಡಿ ಹೇಳುವಂತೆ, ಅವನ್ನು ಹಾಜರುಪಡಿಸುವಂತೆ, ನೋಡಗೊಡುವಂತೆ ಆಜ್ಞೆ ಮಾಡಿಸಬಹುದು. ಆಜ್ಞೆಯನ್ನು ಮೀರಿದವನು ವಾದಿಯಾದರೆ ದಾವೆ ವಜಾ ಆಗಬಹುದು. ಪ್ರತಿವಾದಿಯಾದರೆ ಆತನ ಪ್ರತಿವಾದವನ್ನೇ ತೊಡೆದುಹಾಕಬಹುದು. ಅಮೆರಿಕಾ ದೇಶದಲ್ಲಿ ಈ ಪದ್ಧತಿ ಬಹು ವಿಸ್ತಾರವಾಗಿ ಬೆಳೆದು, ವಿಚಾರಣೆಗೆ ಮೊದಲೇ ವಕೀಲರ ಕಚೇರಿಯಲ್ಲಿ ಕಕ್ಷಿಗಾರರನ್ನು ದಿನಗಟ್ಟಲೆ ಪ್ರಶ್ನಿಸುವುದುಂಟು. ನಮ್ಮಲ್ಲಿ ಅದು ಪುಸ್ತಕದಲ್ಲಿ ಇದ್ದಷ್ಟು ಬಳಕೆಯಲ್ಲಿ ಇಲ್ಲ.

ಈ ಹಳೆಯ ಆಯುಧಕ್ಕೆ ಸಾಣೆ ಹಿಡಿದದ್ದು ೨೦೨೦ನೆಯ ನವೆಂಬರ್ ೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿಯವರು, ಜೀವನಾಂಶದ ಎಲ್ಲ ಪ್ರಕರಣಗಳಲ್ಲಿ ಗಂಡಹೆಂಡಿರಿಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸಿದರು. ಬೇಸಾಯಗಾರರಿಗಾಗಿ ಬೇರೆಯೇ ಒಂದು ನಮೂನೆಯನ್ನು ಗೊತ್ತುಮಾಡಿದರು. ಉತ್ತರಕ್ಕೆ ನಾಲ್ಕು ವಾರಗಳ ಅವಧಿ. ಮುಂದೂಡುವುದಕ್ಕೆ ಎರಡಕ್ಕಿಂತ ಹೆಚ್ಚು ಅವಕಾಶವಿಲ್ಲ. ಪ್ರಮಾಣಪತ್ರದ ವಿಷಯದಲ್ಲಿ ತಕರಾರಿದ್ದರೆ ೧೧ನೆಯ ಆದೇಶದಂತೆ ಪ್ರಶ್ನಾವಳಿಯನ್ನು ಕೊಡಲೂ ದಾಖಲೆಗಳನ್ನು ತರಿಸಲೂ ಅನುಮತಿ ಕೇಳಬಹುದೆಂದು ಅದರಲ್ಲಿಯೇ ಹೇಳಿದೆ. ಒಬ್ಬರಿಗೆ ಮಾತ್ರ ತಿಳಿದಿರುವ ಸಂಗತಿಯನ್ನು ಆ ಒಬ್ಬರೇ ಸಾಧಿಸಬೇಕೆಂಬ ಸಾಕ್ಷ್ಯ ಶಾಸನದ ಹಳೆಯ ನಿಯಮವನ್ನೂ ತೀರ್ಪು ನೆನಪಿಸುತ್ತದೆ. ೧೮೭೨ರ ಆ ಶಾಸನದ ಸ್ಥಾನಕ್ಕೆ ೨೦೨೪ನೆಯ ಜುಲೈ ೧ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ನಿಯಮ ಮಾತ್ರ ಉಳಿದಿದೆ.

ವಕೀಲರು ಇದನ್ನೆಲ್ಲ ಬಿಡಿಸಿ ಹೇಳಿದರೂ ಮನೆಯಲ್ಲಿ ಹುಡುಗಿಯ ತಮ್ಮನಿಗೆ ಸಮಾಧಾನವಾಗಲಿಲ್ಲ. ಆತನು ಬಿಸಿರಕ್ತದ ಯುವಕ. "ಪ್ರಶ್ನೆ ಬರೆದು ಕೊಟ್ಟು ಉತ್ತರಕ್ಕೆ ಕಾಯುತ್ತ ಕೂಡುವುದೇಕೆ? ಅಕ್ಕನ ಗೊಂಚಲಿನಲ್ಲಿ ಆ ಮನೆಯ ಬೀರುವಿನ ಕೀಲಿ ಇನ್ನೂ ಇದೆ. ಹಬ್ಬದ ನೆವದಲ್ಲಿ ಹೋಗಿ ಲೆಕ್ಕದ ಪುಸ್ತಕದ ಚಿತ್ರ ತೆಗೆದುಕೊಂಡು ಬರಲಿ. ಅದಾಗದಿದ್ದರೆ ಫೋನಿನಲ್ಲಿ ಮಾತಿಗೆಳೆದು ಎಲ್ಲವನ್ನೂ ದಾಖಲು ಮಾಡಿಕೊಳ್ಳಲಿ" ಎಂದನು. ಆ ಮಾತು ಕಾನೂನು ತಿಳಿಯದವನ ಹುಡುಗಾಟವೆನ್ನುವಂತೆಯೂ ಇರಲಿಲ್ಲ. ನಮ್ಮ ಮೊಕದ್ದಮೆ ನಡೆಯುತ್ತಿದ್ದಾಗಲೇ, ೨೦೨೫ನೆಯ ಜುಲೈ ೧೪ರಂದು, ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ಭಟಿಂಡಾದಿಂದ ಬಂದ ಒಂದು ಪ್ರಕರಣದಲ್ಲಿ, ಗಂಡನು ಹೆಂಡತಿಗೆ ತಿಳಿಸದೆ ದಾಖಲು ಮಾಡಿಕೊಂಡ ದೂರವಾಣಿಯ ಮಾತುಗಳನ್ನು ವಿವಾಹದ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರಲ್ಲಿ ಒಬ್ಬರು ಕರ್ನಾಟಕದ ಉಚ್ಚ ನ್ಯಾಯಾಲಯದಿಂದಲೇ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು. ದಂಪತಿಗಳ ನಡುವಣ ಮಾತಿನ ಗೋಪ್ಯವನ್ನು ಕಾಪಾಡುವ ನಿಯಮವು ಆ ದಂಪತಿಗಳೇ ಪರಸ್ಪರ ಹೂಡಿದ ದಾವೆಗೆ ಅನ್ವಯಿಸದೆಂಬುದು ಶಾಸನದಲ್ಲಿಯೇ ಇರುವ ವಿನಾಯಿತಿ. ಒಬ್ಬರ ಮೇಲೊಬ್ಬರು ಗೂಢಚರ್ಯೆ ನಡೆಸುವ ಹಂತಕ್ಕೆ ಬಂದಿದ್ದರೆ ಆ ಸಂಸಾರ ಅದಕ್ಕೆ ಮೊದಲೇ ಮುರಿದಿದೆಯೆಂಬುದು ಪೀಠದ ಅಭಿಪ್ರಾಯ.

ತೀರ್ಪಿನ ತರ್ಕವನ್ನು ನಾನು ಅಲ್ಲಗಳೆಯಲಾರೆ. ಮನೆಯೊಳಗೆ ನಡೆದ ಕ್ರೌರ್ಯಕ್ಕೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಪೆಟ್ಟು ತಿಂದ ಹೆಂಗಸು ಕೈಯಲ್ಲಿರುವ ಯಂತ್ರವನ್ನು ಬಳಸಿಕೊಂಡರೆ ಆಕೆಯನ್ನು ದೂರುವವರಾರು? ಆದರೂ ಕಾನೂನು ಸ್ವೀಕರಿಸುತ್ತದೆಯೆಂಬುದು ಒಂದು ಮಾತು, ಅದು ನಮಗೆ ತಕ್ಕದ್ದೇ ಎಂಬುದು ಇನ್ನೊಂದು ಮಾತು. ಪ್ರಶ್ನಾವಳಿಯಲ್ಲಿ ಕೇಳುವವರ ಹೆಸರಿದೆ, ಕೇಳುವ ವಿಷಯವಿದೆ, ನ್ಯಾಯಾಧೀಶರ ಅನುಮತಿಯಿದೆ; ಉತ್ತರಿಸುವವನಿಗೆ ತಾನು ಉತ್ತರಿಸುತ್ತಿದ್ದೇನೆಂಬ ಅರಿವಿದೆ. ಕಳ್ಳತನದಿಂದ ಹಿಡಿದ ಮಾತಿನಲ್ಲಿ ಇವೊಂದೂ ಇಲ್ಲ. ಹಿಡಿಯುವವಳು ಬಲೆ ಹರಡಿ ಮಾತನಾಡುತ್ತಾಳೆ, ಸಿಕ್ಕುವವನು ನಂಬಿ ಮಾತನಾಡುತ್ತಾನೆ.

ನಾನು ಇಷ್ಟು ಯೋಚಿಸುತ್ತಿರುವಾಗ ಹುಡುಗಿಯೇ ನಿರ್ಧಾರ ಮಾಡಿದ್ದಳು. "ಬೇಡ ಮಾವ. ಆ ಮನೆಯಲ್ಲಿ ನನ್ನ ಗಂಡ ಇರಲಿ ಬಿಡಲಿ, ಮಗುವಿನ ಅಪ್ಪ ಇದ್ದಾನೆ. ನಾಳೆ ಅದು ಅಲ್ಲಿಗೆ ಹೋಗಿ ಬರಬೇಕು. ಅದರ ತಾಯಿ ಕೀಲಿ ಹಾಕಿ ಕದ್ದಳು ಎನ್ನುವ ಮಾತು ಅದರ ಕಿವಿಗೆ ಬೀಳಬಾರದು" ಎಂದಳು. ಮರುದಿನ ಗೊಂಚಲಿನಿಂದ ಆ ಕೀಲಿಯನ್ನು ಬಿಡಿಸಿ ವಕೀಲರ ಮೇಜಿನ ಮೇಲಿಟ್ಟಳು. ಅದನ್ನು ಅವರು ಒಂದು ಪತ್ರದೊಡನೆ ಎದುರು ವಕೀಲರಿಗೆ ಕಳುಹಿಸಿದರು.

ಆಮೇಲೆ ನನ್ನ ಕೆಲಸ ಮೊದಲಾಯಿತು. ಬೀರುವಿಗೆ ಕೈಹಾಕದೆಯೇ ತಿಳಿಯಬಹುದಾದದ್ದು ಎಷ್ಟೊಂದಿದೆಯೆಂಬುದನ್ನು ವಾಚಕರು ಗಮನಿಸಬೇಕು. ಪಹಣಿಯನ್ನು ಯಾರಾದರೂ ಪಡೆಯಬಹುದು. ಭೂಮಿ ಯೋಜನೆಯು ಬಂದ ಮೇಲೆ ಅದಕ್ಕೆ ಶಾನುಭೋಗರ ಮನೆಯ ಮುಂದೆ ಕಾಯಬೇಕಾಗಿಲ್ಲ. ನೀರು ತಲಪದ ಜಮೀನಿನ ಪಹಣಿಯಲ್ಲಿ ಭತ್ತದ ಬೆಳೆ ನಮೂದಾಗಿದ್ದಿತು. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿದೆವು. ಮೂರು ವರ್ಷದ ಹಿಂದೆ ಪೇಟೆಯಲ್ಲಿ ಒಂದು ನಿವೇಶನ ಕೊಂಡದ್ದು ಅದರಲ್ಲಿ ಕಂಡಿತು. ಇವು ಬೇಲಿಯ ಹೊರಗಿನಿಂದ ಕಾಣುವ ಸಂಗತಿಗಳು. ಒಳಗಿನದಕ್ಕಾಗಿ ಹನ್ನೊಂದು ಪ್ರಶ್ನೆಗಳನ್ನು ಸಿದ್ಧಮಾಡಿದೆವು. ವಕೀಲರ ಮೊದಲ ಕರಡಿನಲ್ಲಿ "ನಿಮ್ಮ ನಿಜವಾದ ವರಮಾನವೆಷ್ಟು?" ಎಂದಿತ್ತು. ಗುಮಾಸ್ತನಾದ ನನಗೆ ಅದು ಹಿಡಿಸಲಿಲ್ಲ. ಹಾಗೆ ಕೇಳಿದರೆ ಎಂಟು ಸಾವಿರವೆಂದೇ ಉತ್ತರ ಬರುವುದು. ಬೆಳೆಯನ್ನು ಯಾವ ಮಂಡಿಗೆ ಹಾಕಿದಿರಿ, ಪಟ್ಟಿ ಯಾರ ಹೆಸರಿಗೆ ಆಯಿತು, ಹಣ ಯಾವ ಬ್ಯಾಂಕಿನ ಖಾತೆಗೆ ಬಂದಿತು, ನಿವೇಶನದ ಕ್ರಯದ ಹಣ ಯಾವ ಖಾತೆಯಿಂದ ಹೋಯಿತು, ಲಾರಿಯ ವಿಮೆಯ ಕಂತನ್ನು ಕಟ್ಟುವವರು ಯಾರು ಎಂದು ಬಿಡಿಬಿಡಿಯಾಗಿ ಕೇಳಬೇಕೆಂದೆ. ಹಣವು ಒಂದೆಡೆ ಅಡಗಿದರೂ ಅದು ಬಂದ ದಾರಿಯಲ್ಲಿ, ಹೋದ ದಾರಿಯಲ್ಲಿ ಹೆಜ್ಜೆ ಬಿಟ್ಟಿರುತ್ತದೆ. ವರಮಾನವನ್ನು ಮುಚ್ಚಿಡುವುದು ಸುಲಭ. ಖರ್ಚನ್ನು ಮುಚ್ಚಿಡುವುದು ಕಷ್ಟ.

ಅಷ್ಟರಲ್ಲಿ ನಮ್ಮ ಸರದಿಯೂ ಬಂದಿತು. ಪ್ರಮಾಣಪತ್ರ ಇಬ್ಬರಿಗೂ ವಿಧಿಸಿದ್ದಷ್ಟೆ. ಹುಡುಗಿ ತೌರಿಗೆ ಬಂದ ಮೇಲೆ ಹೊಲಿಗೆಯ ಯಂತ್ರವನ್ನಿಟ್ಟುಕೊಂಡು ರವಿಕೆ, ಲಂಗ ಹೊಲಿದು ತಿಂಗಳಿಗೆ ನಾಲ್ಕು ಸಾವಿರದಷ್ಟು ಸಂಪಾದಿಸುತ್ತಿದ್ದಳು. "ಅದಕ್ಕೆ ರಸೀದಿಯೂ ಇಲ್ಲ, ಖಾತೆಯೂ ಇಲ್ಲ. ಬರೆಯುವುದೇಕೆ? ಬರೆದರೆ ಜೀವನಾಂಶದಲ್ಲಿ ಅಷ್ಟನ್ನು ಮುರಿಯುತ್ತಾರೆ" ಎಂದನು ತಮ್ಮ. ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಆ ನಾಲ್ಕು ಸಾವಿರವು ಮಗುವಿನ ಶಾಲೆಯ ಶುಲ್ಕ. ಕೊನೆಗೆ, "ಅವರು ಮಂಡಿಯ ಹಣಕ್ಕೆ ರಸೀದಿಯಿಲ್ಲವೆಂದು ಬರೆಯಲಿಲ್ಲ, ನಾನು ಹೊಲಿಗೆಯ ಹಣಕ್ಕೆ ರಸೀದಿಯಿಲ್ಲವೆಂದು ಬರೆಯಲಿಲ್ಲವೆಂದರೆ ನನಗೂ ಅವರಿಗೂ ವ್ಯತ್ಯಾಸವೇನು ಉಳಿಯಿತು?" ಎಂದು ಹೊಲಿಗೆಯ ಸಂಪಾದನೆಯನ್ನೂ ಮೈಮೇಲಿನ ಒಡವೆಯ ತೂಕವನ್ನೂ ಬರೆಸಿದಳು. ನನ್ನ ಮೂವತ್ತೆರಡು ವರ್ಷದ ಲೆಕ್ಕದಲ್ಲಿ ಅಷ್ಟು ಶುದ್ಧವಾದ ಒಂದು ಪುಟವನ್ನು ನಾನು ಬರೆದದ್ದಿಲ್ಲ.

ಹೊರಗಿಡಿಸುವ ಈ ಅಧಿಕಾರಕ್ಕೆ ಗಡಿಗಳೂ ಉಂಟು; ಅವನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿಯನ್ನು ತಂದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ೨೦೨೨ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು, ಹೆಂಡತಿಯ ಶೀಲವನ್ನು ಶಂಕಿಸಿದ ಗಂಡನ ಕೋರಿಕೆಯಂತೆ ಮೂರನೆಯ ವ್ಯಕ್ತಿಯೊಬ್ಬನ ಮೊಬೈಲ್ ಗೋಪುರದ ವಿವರಗಳನ್ನು ತರಿಸಲು ಕೊಟ್ಟಿದ್ದ ಆಜ್ಞೆಯನ್ನು ರದ್ದುಮಾಡಿತು. ೨೦೨೩ನೆಯ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ದಂಪತಿಗಳ ಜಗಳದಲ್ಲಿ ಮಗುವಿನ ಡಿ.ಎನ್.ಎ. ಪರೀಕ್ಷೆಯನ್ನು ವಾಡಿಕೆಯಂತೆ ಆಜ್ಞಾಪಿಸಕೂಡದೆಂದಿತು. ಅದೇ ವರ್ಷ, ಜೀವನಾಂಶದ ಆಜ್ಞೆಯನ್ನು ಪಡೆದೂ ಗಂಡನ ವಿಳಾಸ ತಿಳಿಯದೆ ಇದ್ದ ಹುಬ್ಬಳ್ಳಿಯ ಮಹಿಳೆಯೊಬ್ಬರು ಆಧಾರ್ ದಾಖಲೆಯಿಂದ ಅದನ್ನು ಕೇಳಿದಾಗ, ಆತನ ಮಾತನ್ನು ಕೇಳದೆ ಕೊಡುವಂತಿಲ್ಲ, ಮದುವೆಯ ಸಂಬಂಧದಿಂದ ಖಾಸಗಿತನ ಅಳಿದುಹೋಗದು ಎಂದು ನಮ್ಮ ಉಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠ ಹೇಳಿತು. ಈ ಕೊನೆಯ ಪ್ರಕರಣ ನನ್ನ ಮನಸ್ಸನ್ನು ಕಲಕುತ್ತದೆ. ಗೆದ್ದ ಆಜ್ಞೆಯನ್ನು ಕೈಯಲ್ಲಿ ಹಿಡಿದು, ಕೊಡಬೇಕಾದವನು ಯಾವ ಊರಿನಲ್ಲಿದ್ದಾನೆಂದು ಹುಡುಕುವ ತಾಯಿಗೆ ಖಾಸಗಿತನವೆಂಬ ಮಾತು ಹೇಗೆ ಕೇಳಿಸಿರಬೇಕು! ಆದರೂ, ಕೇಳದೆಯೇ ಒಬ್ಬನ ವಿವರವನ್ನು ಕೊಟ್ಟುಬಿಡುವ ನಿಯಮವಾದರೆ, ಹೆದರಿ ಓಡಿಹೋಗಿ ಅಡಗಿರುವ ಹೆಂಡತಿಯ ವಿಳಾಸವನ್ನು ಗಂಡನೂ ಅದೇ ನಿಯಮದಿಂದ ಪಡೆದಾನು. ಆಗ ಆಕೆಯನ್ನು ಕಾಯುವವರಾರು?

ನಮ್ಮ ಪ್ರಶ್ನಾವಳಿಗೆ ಉತ್ತರ ಎರಡು ಬಾರಿ ಮುಂದೂಡಲ್ಪಟ್ಟು, ಮೂರನೆಯ ಬಾರಿಗೆ, ಪ್ರತಿವಾದವನ್ನು ತೊಡೆದುಹಾಕಬೇಕೆಂದು ನಾವು ಅರ್ಜಿ ಕೊಟ್ಟ ಮೇಲೆ ಬಂದಿತು. ಲಾರಿ ಅಣ್ಣನದೆಂದು ಬರೆದಿದ್ದರು. ಆದರೆ ಅದರೊಡನೆ ಲಗತ್ತಿಸಲೇಬೇಕಾಗಿ ಬಂದ ಬ್ಯಾಂಕಿನ ಲೆಕ್ಕದಲ್ಲಿ ಪ್ರತಿ ಸುಗ್ಗಿಗೂ ಮಂಡಿಗಳಿಂದ ಬಂದ ಜಮೆಗಳಿದ್ದುವು. ಐದು ಎಕರೆಯ ಬೆಳೆಗೆ ಅವು ಹಲವು ಪಾಲು ಹೆಚ್ಚು. ಅದನ್ನು ನಾನು ತಿಂಗಳವಾರು ಕೂಡಿಸಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಹಾಳೆಯನ್ನು ಇಬ್ಬರೂ ವಕೀಲರು ಓದಿದ ಮೇಲೆ, ರಾಜಿಯ ಕೊಠಡಿಯಲ್ಲಿ ಆ ಕಡೆಯವರೇ ಒಂದು ಮೊತ್ತವನ್ನು ಸೂಚಿಸಿದರು. ನಾವು ಕೇಳಿದ್ದಕ್ಕಿಂತ ಕಡಮೆ. ಅವರು ಮೊದಲು ಹೇಳಿದ್ದಕ್ಕೆ ಹೋಲಿಸಿದರೆ ಬಹಳ ಹೆಚ್ಚು. ಹುಡುಗಿ ಒಪ್ಪಿದಳು. ಸತ್ಯವೆಲ್ಲ ಹೊರಬಂದಿತೆಂದು ನಾನು ಹೇಳಲಾರೆ. ನಗದಾಗಿ ಕೈಬದಲಾದ ಹಣಕ್ಕೆ, ಕಚ್ಚಾ ಚೀಟಿಯ ವ್ಯವಹಾರಕ್ಕೆ ಯಾವ ಪ್ರಶ್ನಾವಳಿಯೂ ಮುಟ್ಟದು. ಮಗುವಿನ ಶಾಲೆಗೆ, ಅನ್ನಕ್ಕೆ ಸಾಕಾಗುವಷ್ಟು ಸತ್ಯ ಹೊರಬಂದಿತು.

ಇಂಥ ಸಂಕಟದಲ್ಲಿರುವವರಿಗೆ ಎರಡು ಮಾತು. ವಕೀಲರ ಶುಲ್ಕಕ್ಕೆ ಹೆದರಿ ಹಿಂಜರಿಯಬೇಕಾಗಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದಂತೆ ಹೆಂಗಸರಿಗೂ ಮಕ್ಕಳಿಗೂ, ವರಮಾನ ಎಷ್ಟೇ ಇರಲಿ, ಉಚಿತವಾದ ನೆರವು ಉಂಟು. ಜಿಲ್ಲೆಯ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಎರಡನೆಯದಾಗಿ, ಆಕ್ಷೇಪಣೆಯಲ್ಲಿ ಏನು ಹೇಳಿದರೆಂದು ಕೊರಗುವ ಬದಲು, ಯಾವ ಕಾಗದ ಎಲ್ಲಿ ಹುಟ್ಟುತ್ತದೆಂದು ಯೋಚಿಸಿ, ಅದನ್ನು ಹೆಸರು ಹಿಡಿದು ಕೇಳಬೇಕು.

ಈ ಎರಡೂ ಮನೆ ಮುರಿದ ಮೇಲಿನ ಮಾತು. ದೀಪಾವಳಿಯ ದಿನ ನಮ್ಮ ಪೇಟೆಯ ಅಂಗಡಿಗಳಲ್ಲೆಲ್ಲ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮವಿಟ್ಟು ಪೂಜೆಮಾಡಿ, ಹಳೆಯ ಶಿಲ್ಕನ್ನು ಅದರಲ್ಲಿ ಎತ್ತಿ ಬರೆಯುತ್ತೇವೆ. ಪಾಲುದಾರರೆಲ್ಲ ಆ ದಿನ ಕೂಡಿ ಕುಳಿತು ಅದನ್ನು ನೋಡುವುದುಂಟು. ಮನೆಯೆಂಬ ಪಾಲುದಾರಿಕೆಯಲ್ಲಿ ಮಾತ್ರ ಅರ್ಧ ಪಾಲಿನವಳು ಪುಸ್ತಕಕ್ಕೆ ಕುಂಕುಮವಿಟ್ಟು ಅಡಿಗೆಯ ಮನೆಗೆ ಹಿಂದಿರುಗುತ್ತಾಳೆ. ಈ ವರ್ಷದ ಹಬ್ಬದಲ್ಲಿ, ಪೂಜೆಯ ತಟ್ಟೆಯನ್ನು ಕೆಳಗಿಟ್ಟ ಮೇಲೆ, ಗೃಹಸ್ಥರು ಆಕೆಯನ್ನೂ ಕೂರಿಸಿಕೊಂಡು ಜಮೀನಿನ ಪತ್ರ, ಬ್ಯಾಂಕಿನ ಪುಸ್ತಕ, ಸಾಲದ ಲೆಕ್ಕ ಇವನ್ನು ಒಮ್ಮೆ ಓದಿ ಹೇಳಲಿ. ಅರ್ಧ ಗಂಟೆ ಸಾಕು.